ಏದುಸಿರಿನಲ್ಲಿ ಹಿಡಿಯುವ ಗುರಿ

ಕರ್ನಾಟಕದ ಗಡಿಗೆ ಅಂಟಿದ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿ ಎರಡು ದೊಡ್ಡ ತರಬೇತಿ ಕೇಂದ್ರಗಳಿವೆ. ಚಾಕೂರಿನಲ್ಲಿ ಗಡಿ ಭದ್ರತಾ ಪಡೆಯದು, ಲಾತೂರಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯದು. ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾ ಸುತ್ತಿನ ಹಳ್ಳಿಗಳಲ್ಲಿ ಮಳೆಯನ್ನು ನಂಬುವ ಹಾಗಿಲ್ಲ, ಹೊಲ ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋಗಿದೆ. ಇಲ್ಲಿನ ಹುಡುಗರಿಗೆ ಖಾಕಿ ಅಂದರೆ ತಿಂಗಳಿಗೊಮ್ಮೆ ತಪ್ಪದೆ ಬರುವ ಪಗಾರ. ಹೀಗಾಗಿ ಬೆಳಗಿನ ಜಾವ ಇಲ್ಲಿಯ ಯಾವ ರಸ್ತೆಗೆ ಬಂದರೂ ಭರತಿಯ ತಯಾರಿ ಕಣ್ಣಿಗೆ ಬೀಳುತ್ತದೆ. ಒಬ್ಬ ಮೊಬೈಲಿನಲ್ಲಿ ಟೈಮ್ ಹಿಡಿದು ಮೈಲಿಗಲ್ಲಿನ ಹತ್ತಿರ ನಿಂತಿರುತ್ತಾನೆ, ಏಳೆಂಟು ಮಂದಿ ಅವನ ಕಡೆಗೆ ಓಡಿ ಬರುತ್ತಿರುತ್ತಾರೆ. ಮಹಾರಾಷ್ಟ್ರ ಪೊಲೀಸ್ ಭರತಿಯಲ್ಲಿ ಮೈದಾನದ ಪರೀಕ್ಷೆಗೆ 50 ಅಂಕ. ಗಂಡುಮಕ್ಕಳಿಗೆ 1600 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ. ಕೊನೆಯ ಇನ್ನೂರು ಮೀಟರಿಗೆ ಬಂದಾಗ ಈ ಹುಡುಗರ ಮುಖ ನೋಡಬೇಕು. ಬಾಯಿ ತೆರೆದಿರುತ್ತದೆ, ಕಣ್ಣು ಎದುರಿನ ಒಂದೇ ಜಾಗಕ್ಕೆ ನೆಟ್ಟಿರುತ್ತದೆ. ಪಕ್ಕದಲ್ಲಿ ಟ್ರ್ಯಾಕ್ಟರ್ ಹಾರ್ನ್ ಹೊಡೆದರೂ ತಿರುಗುವುದಿಲ್ಲ. ಗೆರೆ ದಾಟಿದ ಮೇಲೆ ಬೂಟಿನ ದಾರ ಬಿಚ್ಚಲು ಬೆರಳು ಮಾತು ಕೇಳುವುದಿಲ್ಲ.

ಇದೇ ಹುಡುಗನ ಕೈಗೆ ಮುಂದೊಂದು ದಿನ ಸರಕಾರ ಬಂದೂಕು ಕೊಡುತ್ತದೆ. ಆಗ ಅವನಿಗೆ ಕಲಿಸುವ ಗುರಿಗೂ ಈ ಏದುಸಿರಿಗೂ ಸಂಬಂಧವೇ ಇರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ದೇಹಕ್ಕೊಂದು ತಾಸು, ಗುರಿಗೊಂದು ತಾಸು, ಕಾನೂನಿಗೊಂದು ತಾಸು ಎಂದು ನಮ್ಮ ಪೊಲೀಸ್ ತರಬೇತಿ ಪಾಠವನ್ನು ಬೇರೆ ಬೇರೆ ಮಾಡಿ ಹಂಚಿದೆ. ಡ್ಯೂಟಿಯ ಮೇಲೆ ಈ ಮೂರೂ ಒಂದೇ ಗಳಿಗೆಯಲ್ಲಿ ಬಂದು ಎರಗುತ್ತವೆ. ದಣಿದ ಮೈ, ಹೆದರಿದ ಮನಸ್ಸು, ಕೈಯಲ್ಲಿ ಬಂದೂಕು, ಇವನ್ನು ಕೂಡಿಸಿ ಅಭ್ಯಾಸ ಮಾಡಿಸದೆ ಒಬ್ಬನನ್ನು ಜನರ ಎದುರು ನಿಲ್ಲಿಸುವುದು ಅವನಿಗೂ ಅನ್ಯಾಯ, ಜನರಿಗೂ ಅನ್ಯಾಯ.

ಫೈರಿಂಗ್ ರೇಂಜಿನಲ್ಲಿ ನಡೆಯುವುದೇನು? ಉಸ್ತಾದ ಹೇಳಿದ ಜಾಗದಲ್ಲಿ ಮಲಗಬೇಕು. ಮೊಣಕೈ ಗಟ್ಟಿಯಾಗಿ ಊರಬೇಕು, ಬಂದೂಕಿನ ಹಿಂಭಾಗ ಭುಜಕ್ಕೆ ಕೂರಬೇಕು, ಉಸಿರು ಅರ್ಧ ಬಿಟ್ಟು ಹಿಡಿಯಬೇಕು, ಕುದುರೆಯನ್ನು, ಅಂದರೆ ಟ್ರಿಗರನ್ನು, ಜಗ್ಗದೆ ಮೆಲ್ಲಗೆ ಒತ್ತಬೇಕು. ಎದುರಿಗೆ ಕಾಗದದ ಟಾರ್ಗೆಟ್. ಅದು ಅಲುಗುವುದಿಲ್ಲ, ಬೈಯುವುದಿಲ್ಲ, ಕಲ್ಲು ಎಸೆಯುವುದಿಲ್ಲ. ಗುಂಡುಗಳು ಒತ್ತೊತ್ತಾಗಿ ಬಿದ್ದರೆ ಗ್ರೂಪಿಂಗ್ ಚೆನ್ನಾಗಿದೆ ಎಂದು ಬರೆದುಕೊಳ್ಳುತ್ತಾರೆ. ಈ ಪಾಠ ಬೇಡ ಎಂದು ನಾನು ಹೇಳುತ್ತಿಲ್ಲ. ಅಕ್ಷರ ತಿದ್ದದೆ ವಾಕ್ಯ ಬರೆಯಲಾಗದು. ಆದರೆ ಹಲವರ ಮಟ್ಟಿಗೆ ಪಾಠ ಅಕ್ಷರಕ್ಕೇ ನಿಂತುಬಿಡುತ್ತದೆ. ನಮ್ಮ ಕಡೆಯಿಂದ ಪೊಲೀಸಿಗೆ ಸೇರಿದ ಒಬ್ಬರು ಊರಿಗೆ ಬಂದಾಗ ಹೇಳಿದ ಮಾತು: "ರೇಂಜಿಗೆ ವರ್ಷಕ್ಕೊಮ್ಮೆ ಕರದ್ರ ದೊಡ್ಡದ್ರೀ. ಬಂದೋಬಸ್ತ್ ಇದ್ರ ಅದೂ ಇಲ್ಲ. ರೈಫಲ್ ಹೆಗಲ ಮ್ಯಾಲೆ ದಿನಾ ಇರ್ತದ, ಕೈಯಾಗ ಇರೂದಿಲ್ಲ." ಮುಂಬಯಿಯ 2008ರ ನವೆಂಬರ್ 26ರ ದಾಳಿಯ ಮೇಲೆ ಪೊಲೀಸರ ಪ್ರತಿಕ್ರಿಯೆಯನ್ನು ಪರಿಶೀಲಿಸಿದ ರಾಮ ಪ್ರಧಾನ ಸಮಿತಿ ಕೂಡ ಅಭ್ಯಾಸಕ್ಕೆ ಮದ್ದುಗುಂಡು ಸಾಲದಿದ್ದುದನ್ನು ಎತ್ತಿ ತೋರಿಸಿತ್ತು.

ಭಯದಲ್ಲಿ ದೇಹ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಪಾಯ ಕಂಡೊಡನೆ ಅಡ್ರಿನಾಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ರಕ್ತ ತೊಡೆ, ತೋಳುಗಳ ದೊಡ್ಡ ಸ್ನಾಯುಗಳ ಕಡೆ ನುಗ್ಗುತ್ತದೆ, ಬೆರಳ ತುದಿ ತಣ್ಣಗಾಗುತ್ತದೆ. ಓಡಲು, ಗುದ್ದಲು ಇದು ಹೇಳಿಮಾಡಿಸಿದ ಏರ್ಪಾಡು. ಕುದುರೆಯನ್ನು ಮೆಲ್ಲಗೆ ಒತ್ತಲು, ಸಿಕ್ಕಿಕೊಂಡ ತೋಟಾ ಬಿಡಿಸಲು ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ಕಣ್ಣು ಅಪಾಯವೆಂದು ಕಂಡದ್ದಕ್ಕೆ ಅಂಟಿಕೊಂಡು ಅಕ್ಕಪಕ್ಕದ್ದನ್ನು ಬಿಡುತ್ತದೆ. ಪಕ್ಕದವನು "ನಿಲ್ಲು" ಎಂದು ಕೂಗಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗದೆ ಇರಬಹುದು. ಇದಕ್ಕೆ ಹೇಡಿತನ ಎಂದು ಹೆಸರಿಡುವುದು ತಪ್ಪು. ಗಟ್ಟಿ ಗುಂಡಿಗೆಯವನಿಗೂ ಇದೇ ದೇಹ, ಇದೇ ರಕ್ತ.

ರೇಂಜಿನ ಅಂಕಕ್ಕೂ ಬೀದಿಗೂ ಇರುವ ಅಂತರವನ್ನು ಲೆಕ್ಕ ಹಾಕಿದವರಿದ್ದಾರೆ. ನ್ಯೂಯಾರ್ಕ್ ಪೊಲೀಸರ ಬಂದೂಕು ತರಬೇತಿಯನ್ನು ರ‍್ಯಾಂಡ್ ಸಂಸ್ಥೆ ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟಿತು. 1998ರಿಂದ 2006ರವರೆಗಿನ ಘಟನೆಗಳಲ್ಲಿ, ಎದುರಿನವನು ತಿರುಗಿ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡು ಗುರಿಗೆ ತಾಗಿದ್ದು ಸುಮಾರು ನೂರಕ್ಕೆ 18. ತಿರುಗಿ ಹಾರಿಸದಿದ್ದಾಗ ಸುಮಾರು 30. ಇವರೆಲ್ಲ ರೇಂಜಿನಲ್ಲಿ ಪಾಸಾದವರೇ. ಉಳಿದ ಗುಂಡುಗಳು ಎಲ್ಲಿಗೋ ಹೋದವು. ಗೋಡೆಗೆ ಹೋಗಿರಬಹುದು, ಅಂಗಡಿಯ ಬಾಗಿಲಿಗೆ ಹೋಗಿರಬಹುದು. ಉದಗೀರದ ಸಂತೆ ಹರಿಯುವ ಹೊತ್ತಿನಲ್ಲಿ ಹೀಗೆ ತಪ್ಪಿದ ಒಂದು ಗುಂಡು ಎಲ್ಲಿಗೆ ಹೋದೀತು ಎಂದು ಯೋಚಿಸಿದರೆ ಸಾಕು.

ಹಾಗಾದರೆ ಒತ್ತಡದಲ್ಲಿ ಅಭ್ಯಾಸ ಮಾಡಿದರೆ ಪ್ರಯೋಜನವಾಗುತ್ತದೆಯೇ? ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರಾದ ಆರ್ನೆ ನ್ಯೂವೆನ್‌ಹೌಸ್ ಮತ್ತು ರೌಲ್ ಔಡೆಯಾನ್ಸ್ ಇದನ್ನೇ ಪರೀಕ್ಷಿಸಿದರು. ಡಚ್ ಪೊಲೀಸರನ್ನು ಮೊದಲು ಸುಮ್ಮನೆ ನಿಂತ ಗುರಿಯ ಎದುರು, ಆಮೇಲೆ ತಿರುಗಿ ಹೊಡೆಯುವ ಮನುಷ್ಯನ ಎದುರು ನಿಲ್ಲಿಸಿದರು. ಬಳಸಿದ್ದು ಬಣ್ಣದ ಸಾಬೂನು ತುಂಬಿದ ತೋಟಾ. ಮೈಗೆ ತಾಗಿದರೆ ಗಾಯವಾಗದು, ನೋವಾಗುತ್ತದೆ. ಆ ಒಂದು ನೋವಿನ ಹೆದರಿಕೆಗೇ ಅನುಭವಿ ಪೊಲೀಸರ ಗುರಿ ಕೆಟ್ಟಿತು. ಅವರು ಅವಸರದಿಂದ ಹಾರಿಸಿದರು, ತಲೆ ತಗ್ಗಿಸಿದರು, ಕಣ್ಣು ಮಿಟುಕಿಸಿದರು. ನಂತರ 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ತಿರುಗಿ ಹೊಡೆಯುವವನ ಎದುರೇ ತರಬೇತಿ ಕೊಟ್ಟರು, ಇನ್ನೊಂದಕ್ಕೆ ಎಂದಿನ ಹಾಗೆ. ಒತ್ತಡದಲ್ಲಿ ಕಲಿತವರ ಗುರಿ ಒತ್ತಡದಲ್ಲಿಯೂ ನಿಂತಿತು. ನಾಲ್ಕು ತಿಂಗಳ ಮೇಲೆ ನೋಡಿದಾಗಲೂ ಆ ಕಲಿಕೆ ಅಳಿದಿರಲಿಲ್ಲ. ಭಯವನ್ನು ಮೈಯಿಂದ ಕಿತ್ತು ಹಾಕುವುದು ಯಾರಿಂದಲೂ ಆಗದು, ಭಯ ಇದ್ದಾಗಲೂ ಕೆಲಸ ಮಾಡುವುದನ್ನು ಕೈಗೆ ಕಲಿಸಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ನಮ್ಮ ಮಹಾಭಾರತಕ್ಕೂ ಇದು ಗೊತ್ತಿತ್ತು. ಅರ್ಜುನನ ಗುರಿ ಅಂದೊಡನೆ ಎಲ್ಲರೂ ಹಕ್ಕಿಯ ಕಣ್ಣಿನ ಕತೆ ಹೇಳುತ್ತಾರೆ. ಅದು ಶಾಂತವಾದ ರೇಂಜಿನ ಕತೆ. ಆದಿಪರ್ವದಲ್ಲಿ ಇನ್ನೊಂದು ಪ್ರಸಂಗವಿದೆ, ಅದನ್ನು ಹೇಳುವವರು ಕಡಿಮೆ. ಅರ್ಜುನನಿಗೆ ಕತ್ತಲಲ್ಲಿ ಊಟ ಬಡಿಸಬೇಡ ಎಂದು ದ್ರೋಣ ಅಡಿಗೆಯವನಿಗೆ ಹೇಳಿಟ್ಟಿದ್ದ. ಒಂದು ರಾತ್ರಿ ಊಟದ ನಡುವೆ ಗಾಳಿಗೆ ದೀಪ ಆರಿತು. ಕತ್ತಲಲ್ಲಿಯೂ ಕೈ ತುತ್ತನ್ನು ಬಾಯಿಗೇ ಒಯ್ಯುವುದನ್ನು ಕಂಡ ಅರ್ಜುನ ಅಂದಿನಿಂದ ರಾತ್ರಿಯ ಹೊತ್ತು ಬಿಲ್ಲಿನ ಅಭ್ಯಾಸ ಹಿಡಿದ. ಹೆದೆಯ ಸದ್ದು ಕೇಳಿ ದ್ರೋಣ ಎದ್ದು ಬಂದು ಅವನನ್ನು ಅಪ್ಪಿಕೊಂಡ. ಅನುಕೂಲದ ಹೊತ್ತಿನ ವಿದ್ಯೆಯನ್ನು ಅನನುಕೂಲದ ಹೊತ್ತಿಗೂ ಒಯ್ಯುವ ದಾರಿಯನ್ನು ಶಿಷ್ಯ ತಾನೇ ಕಂಡುಕೊಂಡದ್ದು ಗುರುವಿನ ಮನಸ್ಸನ್ನು ತಟ್ಟಿತು.

ಆಟದ ಲೋಕ ಇದನ್ನು ಪೊಲೀಸರಿಗಿಂತ ಚೆನ್ನಾಗಿ ಅರಿತಿದೆ. ಹಿಮದ ನಾಡುಗಳ ಬಯಾಥ್ಲಾನ್ ಎಂಬ ಆಟವಂತೂ ಇದೊಂದೇ ಪ್ರಶ್ನೆಯ ಮೇಲೆ ನಿಂತಿದೆ. ಬೆನ್ನಿಗೆ ಬಂದೂಕು ಕಟ್ಟಿ ಕಿಲೋಮೀಟರುಗಟ್ಟಲೆ ಹಿಮದ ಮೇಲೆ ಜಾರಿ ಬಂದು, ಎದೆ ಡೋಲಿನಂತೆ ಹೊಡೆದುಕೊಳ್ಳುವಾಗಲೇ 50 ಮೀಟರ್ ದೂರದ ಐದು ಗುರಿಗಳನ್ನು ಬೀಳಿಸಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ನಿಂತು ಹೊಡೆಯುವಾಗ 115. ಹಲವು ಬಗೆಯ ಪಂದ್ಯಗಳಲ್ಲಿ ತಪ್ಪಿದ ಪ್ರತಿ ಗುಂಡಿಗೆ 150 ಮೀಟರಿನ ದಂಡದ ಸುತ್ತು. ಅಲ್ಲಿನವರು ರೇಂಜಿಗೆ ಬರುವ ಮೊದಲೇ ವೇಗ ತಗ್ಗಿಸುತ್ತಾರೆ. ಎಷ್ಟು ಏದುಸಿರಿನಲ್ಲಿ ತಮ್ಮ ಕೈ ನಿಲ್ಲುತ್ತದೆ, ಎಷ್ಟರಲ್ಲಿ ನಿಲ್ಲುವುದಿಲ್ಲ ಎಂಬ ಅಳತೆ ಒಬ್ಬೊಬ್ಬರಿಗೂ ಸ್ಪಷ್ಟವಾಗಿ ಗೊತ್ತಿರುತ್ತದೆ. ತನ್ನ ಮಿತಿ ಗೊತ್ತಿರುವುದೇ ಅರ್ಧ ವಿದ್ಯೆ. ನಮ್ಮ ಪೇದೆಗೆ ಆ ಅಳತೆ ತಿಳಿಯುವ ಅವಕಾಶವೇ ಸಿಗುವುದಿಲ್ಲ, ಮೊದಲ ಗಲಭೆಯ ದಿನದವರೆಗೆ.

ಓಟವಿಲ್ಲದ ಗುರಿಯಾಟದಲ್ಲೂ ಮನಸ್ಸಿನ ಒತ್ತಡ ಎಂಥವರನ್ನೂ ಕೆಡವುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಚಿನ್ನದ ಹೊಸ್ತಿಲಲ್ಲಿದ್ದ. ಕೊನೆಯ ಗುಂಡನ್ನು ಪಕ್ಕದವನ ಟಾರ್ಗೆಟ್ಟಿಗೆ ಹೊಡೆದು ಎಂಟನೆಯವನಾದ. 2008ರ ಬೀಜಿಂಗಿನಲ್ಲಿ ಅದೇ ಸ್ಪರ್ಧೆ, ಮತ್ತೆ ಮುಂದಿದ್ದ, ಕೊನೆಯ ಗುಂಡಿಗೆ ಬಂದದ್ದು 4.4. ಅದೇ ಬೀಜಿಂಗಿನಲ್ಲಿ ನಮ್ಮ ಅಭಿನವ ಬಿಂದ್ರಾ ಕೊನೆಯ ಗುಂಡಿಗೆ ಬಂದಾಗ ಫಿನ್ಲೆಂಡಿನ ಸ್ಪರ್ಧಿಯ ಜತೆ ಸಮಸಮ ನಿಂತಿದ್ದರು. ಬಿಂದ್ರಾ ಹೊಡೆದದ್ದು 10.8, ಚಿನ್ನ ಗೆದ್ದರು. ಆ ಸ್ಪರ್ಧೆಗೆ ಮೊದಲು ಬಿಂದ್ರಾ ಜರ್ಮನಿಯಲ್ಲಿ ಎತ್ತರದ ಕಂಬ ಹತ್ತಿ ಅದರ ತುದಿಯಲ್ಲಿ ನಿಲ್ಲುವ ಅಭ್ಯಾಸ ಮಾಡಿದ್ದರು. ಬಂದೂಕು ಮುಟ್ಟದೆ, ಕಾಲು ನಡುಗುವಾಗ ಮುಂದಿನ ಹೆಜ್ಜೆ ಇಡುವುದನ್ನಷ್ಟೇ ಕಲಿಯುವ ಅಭ್ಯಾಸ ಅದು. ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ, ಆಗ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ನೌಕರಿಯಲ್ಲಿದ್ದವರು, 2024ರ ಆಗಸ್ಟ್ 1ರಂದು ಪ್ಯಾರಿಸ್ಸಿನಲ್ಲಿ ಎಮನ್ಸ್ ಸೋತ ಆ ಸ್ಪರ್ಧೆಯಲ್ಲೇ 451.4 ಅಂಕದಿಂದ ಕಂಚು ಗೆದ್ದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಸ್ಪೇನಿನ ಗ್ರನಾಡಾಕ್ಕೆ ಸ್ಪರ್ಧೆಗೆಂದು ಹೋದಾಗ ಮುಖದ ಒಂದು ಬದಿ ಪಾರ್ಶ್ವವಾಯುವಿಗೆ ತುತ್ತಾಯಿತು. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಯಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಅವರಿಗೆ ಬೆಳ್ಳಿ.

ಎದೆಬಡಿತ ತಗ್ಗಿಸುವ, ಕೈನಡುಕ ನಿಲ್ಲಿಸುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಗುರಿಯಾಟದಲ್ಲಿ ನಿಷೇಧಿಸಿದ್ದಾರೆ. ಬೀಜಿಂಗಿನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಇಂಥ ಮಾತ್ರೆ ನುಂಗಿದ್ದು ಪತ್ತೆಯಾಗಿ ಗೆದ್ದ ಎರಡೂ ಪದಕ ಕಳೆದುಕೊಂಡ. ನಡುಕವನ್ನು ನಿಭಾಯಿಸುವುದು ಗುರಿಗಾರಿಕೆಯ ಒಳಗೇ ಇರುವ ವಿದ್ಯೆ ಎಂದು ಕ್ರೀಡಾಲೋಕ ಒಪ್ಪಿಕೊಂಡು ಕಾನೂನನ್ನೇ ಮಾಡಿದೆ. ಪದಕದ ಮಟ್ಟಿಗೆ ಒಪ್ಪಿದ್ದನ್ನು ಮನುಷ್ಯರ ಪ್ರಾಣದ ಮಟ್ಟಿಗೆ ಒಪ್ಪಲು ನಮ್ಮ ಗೃಹ ಇಲಾಖೆಗಳಿಗೆ ಇಷ್ಟು ತಡವೇಕೆ?

ಇಲ್ಲಿಯವರೆಗೆ ಹೇಳಿದ್ದು ಗುಂಡು ತಾಗುವ ಮಾತು. ಇದಕ್ಕಿಂತ ದೊಡ್ಡ ಮಾತು ಗುಂಡು ಹಾರಿಸದೆ ಇರುವುದು. ಡಚ್ ಸಂಶೋಧಕರು 2012ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಪೊಲೀಸರ ಎದುರು ತೆರೆಯ ಮೇಲೆ ಆರೋಪಿಗಳು ಬರುತ್ತಾರೆ. ಕೆಲವರು ಬಂದೂಕು ಎತ್ತುತ್ತಾರೆ, ಕೆಲವರು ಶರಣಾಗುತ್ತಾರೆ. ಪ್ಲಾಸ್ಟಿಕ್ ಗುಂಡು ತಿರುಗಿ ಬಡಿಯುವ ಹೆದರಿಕೆ ಇಟ್ಟಾಗ, ಶರಣಾದವರ ಮೇಲೂ ಗುಂಡು ಹಾರಿಸುವ ತಪ್ಪು ಹೆಚ್ಚಿತು. ಹೆದರಿದವನಿಗೆ ಕಾಣುವುದು ಎದುರಿಗಿರುವುದಲ್ಲ, ತಾನು ನಿರೀಕ್ಷಿಸುತ್ತಿರುವುದು. ಮುಂದೆ ಇದೇ ತಪ್ಪನ್ನು ತರಬೇತಿಯಿಂದ ತಿದ್ದಲು ಹೊರಟಾಗ ಅದು ಸುಲಭಕ್ಕೆ ಹೋಗಲಿಲ್ಲ. ಗುರಿಯನ್ನು ತಿದ್ದಿದಷ್ಟು ಬೇಗ ತೀರ್ಮಾನವನ್ನು ತಿದ್ದಲಾಗದು. ಬರೀ ಬೆರಳಿಗೆ ವೇಗ ಕಲಿಸುವ ತರಬೇತಿಯನ್ನು ನಾನು ಬೆಂಬಲಿಸದಿರುವುದು ಈ ಕಾರಣಕ್ಕೆ. ದೂರ ಕಾಯ್ದುಕೊಳ್ಳುವುದು, ಗೋಡೆಯ ಮರೆಗೆ ಸರಿಯುವುದು, ಮಾತಾಡಿಸುತ್ತ ಹೊತ್ತು ಕಳೆಯುವುದು, ಜತೆಗಾರನನ್ನು ಕರೆಯುವುದು, ಇವೇ ತೀರ್ಮಾನಕ್ಕೆ ಬೇಕಾದ ಎರಡು ಕ್ಷಣವನ್ನು ಗಳಿಸಿಕೊಡುವ ವಿದ್ಯೆಗಳು. ಇವನ್ನೂ ಏದುಸಿರಿನಲ್ಲೇ ಕಲಿಸಬೇಕು.

ಕನ್ನಡ ನಾಡಿಗೆ ಈ ಮಾತಿನ ಬೆಲೆ ಗೊತ್ತಿದೆ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್. 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್. ಮಹಾರಾಷ್ಟ್ರದಲ್ಲಿ 2011ರ ಆಗಸ್ಟ್ 9ರಂದು ಮಾವಳದಲ್ಲಿ ಮೂವರು ರೈತರ ಸಾವು. ಇವೆಲ್ಲ ತರಬೇತಿಯ ಕೊರತೆಯಿಂದಲೇ ಆದವು ಎಂದು ನಾನು ಹೇಳಲಾರೆ. ಆಳುವವರ ತೀರ್ಮಾನಗಳು, ಮೇಲಧಿಕಾರಿಗಳ ಅಪ್ಪಣೆಗಳು ಅಲ್ಲಿದ್ದವು, ಅವುಗಳ ಹೊಣೆಯನ್ನು ಪೇದೆಯ ತಲೆಗೆ ಕಟ್ಟಲಾಗದು. ಆದರೆ ಸಿಟ್ಟಿಗೆದ್ದ ಸಾವಿರ ಜನರ ಎದುರು, ಬಿಸಿಲಲ್ಲಿ ತಾಸುಗಟ್ಟಲೆ ನಿಂತು, ಕಲ್ಲು ತಿಂದು, ಆಮೇಲೂ ಬೆರಳನ್ನು ಕುದುರೆಯ ಹೊರಗೆ ಇಟ್ಟುಕೊಳ್ಳುವ ಸಂಯಮ ತಾನಾಗಿ ಬರುವುದಿಲ್ಲ. ಅದೂ ಅಭ್ಯಾಸದ ಫಲವೇ.

ನಮ್ಮ ಈ ಗಡಿಸೀಮೆ ಅಂಕೆಯಿಲ್ಲದ ಆಯುಧವನ್ನು ಕಣ್ಣಾರೆ ಕಂಡಿದೆ. ನಿಜಾಮನ ಕಾಲದಲ್ಲಿ ಉದಗೀರ, ನಿಲಂಗಾ ಬೀದರ ಜಿಲ್ಲೆಗೆ ಸೇರಿದ್ದವು, ಲಾತೂರ ಉಸ್ಮಾನಾಬಾದಿಗೆ. ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರ ಮುಖಂಡ ಕಾಸಿಂ ರಜ್ವಿ ಲಾತೂರಿನಲ್ಲಿ ವಕೀಲಿಕೆ ಮಾಡುತ್ತಿದ್ದವನು. ಶಿಸ್ತೂ ಕಾನೂನೂ ಇಲ್ಲದ ಕೈಗಳಿಗೆ ಆಯುಧ ಬಂದಾಗ ಏನಾಯಿತು ಎಂಬುದಕ್ಕೆ ರಜಾಕಾರರ ಹತ್ಯಾಕಾಂಡ ಕಂಡ ಬೀದರದ ಗೋರಟಾ ಹಳ್ಳಿ ಸಾಕ್ಷಿ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ನಿಜಾಮನ ರಾಜ್ಯದಲ್ಲಿ ನಡೆಸಿದ 'ಪೊಲೀಸ್ ಕಾರ್ಯಾಚರಣೆ'ಯ ನಂತರ ಸೇಡು ಇನ್ನೊಂದು ದಿಕ್ಕಿಗೆ ತಿರುಗಿತು. ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಹತ್ಯೆಗಳು ಎಲ್ಲಕ್ಕಿಂತ ಹೆಚ್ಚು ನಡೆದವು ಎಂದು ಪಂಡಿತ ಸುಂದರಲಾಲ್ ಸಮಿತಿ ಬರೆಯಿತು. ಎರಡೂ ಕಡೆಯ ನೆನಪುಗಳು ಇನ್ನೂ ಇಲ್ಲಿನ ಮನೆಗಳಲ್ಲಿವೆ. ಈ ನೆಲದಲ್ಲಿ ನಿಂತು ಬಂದೂಕಿನ ಮಾತಾಡುವಾಗ ಅಂಕೆಯ ಮಾತನ್ನು ಬಿಟ್ಟು ಆಡುವುದು ಸಾಧ್ಯವಿಲ್ಲ.

ಒತ್ತಡದ ತರಬೇತಿ ಪೊಲೀಸರನ್ನು ಇನ್ನಷ್ಟು ಕ್ರೂರಿಗಳನ್ನಾಗಿ ಮಾಡುತ್ತದೆ ಎಂಬ ಆಕ್ಷೇಪ ಇದೆ. ಎದುರಿಗೆ ಬಂದವನೆಲ್ಲ ವೈರಿ ಎಂದು ಕಲಿಸುವ ತರಬೇತಿ ಹಾಗೆಯೇ ಮಾಡುತ್ತದೆ, ಅಂಥದ್ದು ಬೇಡ. ಒತ್ತಡದ ನಡುವೆ ಎದುರಿಗಿರುವವನ ಕೈಯಲ್ಲಿ ಏನಿದೆ ಎಂದು ನೋಡಲು ಕಲಿಸುವ ತರಬೇತಿ ಅದಕ್ಕೆ ತದ್ವಿರುದ್ಧ. ಕೈಯಲ್ಲಿ ಮೊಬೈಲ್ ಹಿಡಿದವನು, ಮಗುವನ್ನು ಎತ್ತಿಕೊಂಡವಳು, ಕೈ ಮೇಲೆತ್ತಿದವನು ನಡುನಡುವೆ ಬರಬೇಕು, ಅವರತ್ತ ಗುಂಡು ಹಾರಿಸಿದವನು ಎಷ್ಟು ಚೆನ್ನಾಗಿ ಗುರಿಯಿಟ್ಟಿದ್ದರೂ ನಾಪಾಸಾಗಬೇಕು. 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಒಪ್ಪಿದ ತತ್ವಗಳು ಇದನ್ನೇ ಹೇಳುತ್ತವೆ. ಪೊಲೀಸ್ ತರಬೇತಿಯಲ್ಲಿ ಬಲಪ್ರಯೋಗಕ್ಕೆ ಪರ್ಯಾಯಗಳನ್ನು ಕಲಿಸಬೇಕು, ಬಂದೂಕು ಬಳಸಬೇಕಾಗಿ ಬಂದವರಿಗೆ ಮನಸ್ಸಿನ ಒತ್ತಡಕ್ಕೆ ಆಪ್ತಸಮಾಲೋಚನೆ ಸಿಗಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ.

ಖರ್ಚಿನ ಮಾತು ಬರುತ್ತದೆ. ಈ ಅಭ್ಯಾಸದ ಬಹುಪಾಲಿಗೆ ತೋಟಾ ಬೇಕಾಗಿಯೇ ಇಲ್ಲ. ಎರಡು ಸಲ ತಪಾಸಣೆ ಮಾಡಿದ ಖಾಲಿ ಬಂದೂಕು, ಒಂದು ಗೋಡೆ, ಒಬ್ಬ ಉಸ್ತಾದ ಸಾಕು. ನಾಲ್ಕುನೂರು ಮೀಟರ್ ಓಡಿಸಿ, ಉಸಿರು ಇಳಿಯುವ ಮೊದಲೇ ನಿಲ್ಲಿಸಿ, ಬಂದೂಕಿನ ಬಾಯಿ ಯಾವ ಕಡೆಗಿದೆ, ಬೆರಳು ಎಲ್ಲಿದೆ ಎಂದು ಮೊದಲು ನೋಡಬೇಕು. ಬಾಯಿ ಅಡ್ಡಾದಿಡ್ಡಿ ಹೋದವನಿಗೆ ಅಂದು ಗುರಿಯ ಪಾಠವಿಲ್ಲ. ಇದು ಕೈಗೆ ಹತ್ತಿದ ಮೇಲೆ ಸದ್ದು, ಕತ್ತಲು, ಕೂಗಾಟ ಸೇರಿಸಬೇಕು. ಸಜೀವ ಗುಂಡು ಎಲ್ಲಕ್ಕೂ ಕೊನೆಗೆ, ಸ್ವಲ್ಪವೇ. ದಣಿದ ಹೊಸಬನ ಕೈಗೆ ಮೊದಲ ದಿನವೇ ತುಂಬಿದ ಬಂದೂಕು ಕೊಡುವುದು ತರಬೇತಿಯಲ್ಲ, ಅಪಘಾತಕ್ಕೆ ಆಹ್ವಾನ. ಪ್ರತಿ ಪಾಠದ ಕೊನೆಗೆ, ಯಾಕೆ ಹಾರಿಸಿದೆ ಅಥವಾ ಯಾಕೆ ಹಾರಿಸಲಿಲ್ಲ ಎಂದು ಪೇದೆ ತನ್ನ ಮಾತಿನಲ್ಲಿ ಬರೆದುಕೊಡಬೇಕು. ಕೋರ್ಟಿನಲ್ಲಿ ಹೇಳಬೇಕಾದ ಆ ಮಾತು ರೇಂಜಿನಲ್ಲೇ ಬಾಯಿಗೆ ಬರಬೇಕು. ಸೈನ್ಯಕ್ಕೆ ಇಂಥದ್ದು ಹೊಸದಲ್ಲ, ಬೆಳಗಾವಿಯ ಕಮಾಂಡೊ ತರಬೇತಿಯಲ್ಲಿ ದಣಿವು ಪಾಠದ ಭಾಗವೇ ಆಗಿದೆ. ಠಾಣೆಯ ಪೇದೆಗೆ ಅಷ್ಟು ಕಠಿಣವಾದುದು ಬೇಡ. ಅದರ ನೆರಳಷ್ಟಾದರೂ ಸಿಗಲಿ.

ಇದೆಲ್ಲಕ್ಕಿಂತ ಮುಂಚೆ ಅವನಿಗೆ ನಿದ್ದೆ ಸಿಗಬೇಕು. ಗಣೇಶ ಹಬ್ಬದ ಬಂದೋಬಸ್ತಿನಲ್ಲಿ ಹಗಲು ರಾತ್ರಿ ನಿಂತು, ವಾರದ ರಜೆ ಕಳೆದುಕೊಂಡು, ಮನೆಯ ಮಕ್ಕಳ ಮುಖ ನೋಡದೆ ಇರುವವನ ಮೈಯಲ್ಲಿ ಒತ್ತಡ ಮೊದಲೇ ತುಂಬಿರುತ್ತದೆ. ಅವನ ಎದುರು ಒಂದು ಕಲ್ಲು ಬಿದ್ದರೂ ಅದು ತುಂಬಿದ ಕೊಡಕ್ಕೆ ಬಿದ್ದ ಹನಿ. ತರಬೇತಿಯಲ್ಲಿ ನಾವು ಬೇಕೆಂದೇ ಕೊಡುವ ಒತ್ತಡ ಪಾಠವಾಗಬಹುದು. ಡ್ಯೂಟಿ ಪಟ್ಟಿಯಲ್ಲಿ ಬೇಜವಾಬ್ದಾರಿಯಿಂದ ಹೇರುವ ಒತ್ತಡ ಬರೀ ಸವಕಳಿ. ನಿದ್ದೆಗೆಟ್ಟವನಿಗೆ ಯಾವ ಉಸ್ತಾದನ ಪಾಠವೂ ನೆನಪಿಗೆ ಬರುವುದಿಲ್ಲ.

ಮುಂಬಯಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಗೃಹ ಇಲಾಖೆಯ ಅನುದಾನ ಸದನದ ಎದುರು ಬಂದಾಗ ಹೊಸ ಜೀಪು, ಹೊಸ ಕಟ್ಟಡ, ಹೊಸ ಬಂದೂಕುಗಳ ಲೆಕ್ಕ ಓದುತ್ತಾರೆ. ನಿಲಂಗಾದ, ಉದಗೀರದ, ಬಸವಕಲ್ಯಾಣದ, ಭಾಲ್ಕಿಯ ಓದುಗರು ತಮ್ಮ ಶಾಸಕರನ್ನು ಎರಡೇ ಪ್ರಶ್ನೆ ಕೇಳಲಿ: ನಮ್ಮ ಠಾಣೆಯ ಒಬ್ಬ ಪೇದೆ ಕಳೆದ ವರ್ಷ ಎಷ್ಟು ದಿನ ರೇಂಜಿಗೆ ಹೋಗಿದ್ದ, ಎಷ್ಟು ವಾರದ ರಜೆ ಪಡೆದಿದ್ದ? ಉತ್ತರವನ್ನು ಬರೆದೇ ಕೊಡಿ ಎಂದು ಕೇಳಿ.